ಅವ್ವನ ಉಡಿಗೆ ಬಿದ್ದ ಹಸಿರು ಖಣ

ಗಂಡ ಸತ್ತವಳಿಗೂ ದೇವಿಯ ಮುಂದೆ ಉಡಿ ತುಂಬಿದ ಮನೆ ಎಂದು ಸುರಪುರದ ನಮ್ಮ ಓಣಿಯಲ್ಲಿ ಈಗಲೂ ಮಾತಾಡುತ್ತಾರೆ. ಅವಳ ಮಗಳು ವಾದ ಮಾಡಿ ಅಜ್ಜಿಯನ್ನು ಸೋಲಿಸಿದಳಂತೆ. ನಾನು ಸೋಲಿಸಲಿಲ್ಲ. ಕೇಳಿದವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ. ಒಳ್ಳೆಯ ಕಥೆ ಕೈಗೆ ಸಿಕ್ಕವರಿಗೆ ತಿದ್ದುಪಡಿ ಬೇಕಿರುವುದಿಲ್ಲ.

ಅದು ಅಪ್ಪ ತೀರಿಕೊಂಡ ನಂತರದ ಮೊದಲ ನವರಾತ್ರಿ. ಅಲ್ಲಿಯವರೆಗೆ ಮನೆಯಲ್ಲಿ ಘಟ ಹಾಕುತ್ತಿದ್ದವಳು ಅವ್ವ. ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟು, ಒಂಬತ್ತು ದಿನ ದೀಪ ಆರದಂತೆ ಕಾಯುವುದು ಅವಳ ಕೆಲಸ. ಆ ವರ್ಷ ಅದು ಚಿಕ್ಕಪ್ಪನ ಹೆಂಡತಿ ಚಿಗವ್ವನ ಪಾಲಾಯಿತು. ಅವ್ವ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕುಳಿತಳು. ಉಡಿಯಲ್ಲಿ ಬಂದ ಖಣಗಳನ್ನು ಓಣಿಯ ಹೆಂಗಸರು ಕುಪ್ಪಸ ಹೊಲಿಯಲು ಅವಳಿಗೇ ತಂದುಕೊಡುತ್ತಿದ್ದರು. ದೇವಿಯ ಬಟ್ಟೆಯನ್ನು ಅವಳು ಕತ್ತರಿಸಬಹುದು, ಹೊಲಿಯಬಹುದು. ಅದು ಅವಳ ಮಡಿಲಿಗೆ ಬೀಳುವಂತಿಲ್ಲ.

ಆಗ ನಾನು ಶಹಾಪುರದ ಕಾಲೇಜಿನಲ್ಲಿದ್ದೆ. ಅದೇ ವಾರ ಯಾದಗಿರಿಯ ಚರ್ಚಾಸ್ಪರ್ಧೆಯಲ್ಲಿ, ಘಟವೆಂದರೆ ಗರ್ಭ, ದೀಪವೆಂದರೆ ಅರಿವು, ಪ್ರತಿ ಹೆಣ್ಣೂ ದೇವಿಯೇ ಎಂದು ವಾದಿಸಿ ಗೆದ್ದು ಬಂದಿದ್ದೆ. ಒಂದಕ್ಷರವನ್ನೂ ನಂಬಿರಲಿಲ್ಲ, ಚೀಟಿಯಲ್ಲಿ ‘ಪರ’ ಎಂದು ಬಂದಿತ್ತು, ಅಷ್ಟೇ.

ಎಂಟನೆಯ ದಿನ ಅಪ್ಪನ ತಾಯಿ, ನಮ್ಮ ಆಯಿ, ಅಕ್ಕಿ ಆರಿಸುತ್ತಿದ್ದಳು. ಎದುರು ಕುಳಿತೆ.

“ಆಯಿ, ನಮ್ಮ ಮನಿದೇವ್ರು ಎಲ್ಲಮ್ಮ ಹೊಸ್ತಿಲ ಹುಣ್ಣಿಮಿಗಿ ಬಳಿ ಒಡಕೊಂತಾಳ. ಆವಾಗ ಆಕೀನೂ ಗಂಡ ಸತ್ತಾಕಿನ. ಹಂಗಂತ ಆಕಿನ್ನ ಹಿಂದಿನ ಖೋಲ್ಯಾಗ ಕೂಡಸ್ತಿಯೇನು?”

ಆಯಿ ಮೊರದಿಂದ ಕಣ್ಣೆತ್ತಲಿಲ್ಲ. “ಭಾರತ ಹುಣ್ಣಿಮಿಗಿ ಆಕಿ ಮತ್ತ ಬಳಿ ಇಟ್ಕೊಂತಾಳ. ನಿಮ್ಮವ್ವಗ ಅಂಥಾ ಹುಣ್ಣಿಮಿ ಯಾವುದೈತಿ, ಹೇಳು ವಕೀಲಮ್ಮ.”

ಉತ್ತರವಿಲ್ಲದಾಗ ದನಿ ಏರಿಸಬಾರದು ಎಂದು ಚರ್ಚೆಯ ತಯಾರಿಯಲ್ಲಿ ನಮಗೆ ಕಲಿಸಿದ್ದರು. ಏರಿಸಿದೆ. ಸಂಜೆಯವರೆಗೆ ಹಿಡಿದ ಹಟವನ್ನು ಮರುದಿನ ಬೆಳಿಗ್ಗೆಯೂ ಬಿಡಲಿಲ್ಲ. ಕೊನೆಗೆ ಆಯಿ ಚಿಗವ್ವನಿಗೆ ಹೇಳಿದಳು: “ಆಕಿಗೂ ತುಂಬವಾ. ಈ ಹುಡುಗಿ ಬಾಯಿ ಮುಚ್ಚಿದ್ರ ಸಾಕು.”

ಚಿಗವ್ವ ಅವ್ವನನ್ನು ಮಷೀನಿನಿಂದ ಎಬ್ಬಿಸಿ ಕರೆತಂದಳು. ಕೊರಳಲ್ಲಿ ಟೇಪು ಹಾಗೇ ಇತ್ತು. ಉಡಿ ತುಂಬಿಸಿಕೊಳ್ಳಲು ಬಂದಿದ್ದ ಓಣಿಯ ಹೆಂಗಸರು ಸರಿದು ಜಾಗ ಬಿಟ್ಟರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಹಸಿರು ಖಣ ಒಂದೊಂದಾಗಿ ಅವ್ವನ ಸೆರಗಿಗೆ ಬಿದ್ದವು. ಕುಂಕುಮಕ್ಕೆ ಚಾಚಿದ ಚಿಗವ್ವನ ಬೆರಳು ಅರ್ಧಕ್ಕೆ ನಿಂತು ಹಿಂದೆ ಸರಿಯಿತು. ಅವ್ವ ಅದನ್ನು ನೋಡಿದಳೋ ಇಲ್ಲವೋ. ಅವಳ ಕಣ್ಣು ಘಟದ ಸುತ್ತ ಬೆಳೆದ ಸಸಿಗಳ ಮೇಲಿತ್ತು. ಬುಡ ಕೊಳೆತು ಒಂದು ಕಡೆಗೆ ಬಾಗಿದ್ದವು.

“ನೀರು ಜಾಸ್ತಿ ಆಗ್ಯಾವ” ಎಂದು ಚಿಗವ್ವನಿಗೆ ಹೇಳಿ, ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಷೀನಿನ ಸದ್ದು ಕೇಳಿಸಿತು.

ಮೊನ್ನೆ ಸೂಜಿ ಹುಡುಕುವಾಗ ಆ ಖಣ ಮಷೀನಿನ ಡ್ರಾಯರಿನಲ್ಲಿ ಸಿಕ್ಕಿತು, ಮಡಿಕೆ ಬಿಚ್ಚದೆ. ಅಷ್ಟೆಲ್ಲ ಮಾತಾಡಿದ ನಾನು ಆ ಎರಡು ದಿನದಲ್ಲಿ ಒಮ್ಮೆಯೂ ಹಿಂದಿನ ಕೋಣೆಗೆ ಹೋಗಿರಲಿಲ್ಲ. ಈಗ ಆ ಕೋಣೆಯಲ್ಲೇ, ಖಣ ಕೈಯಲ್ಲಿ ಹಿಡಿದು ನಿಂತಿದ್ದೆ. ಅವ್ವ ತಿರುಗಲಿಲ್ಲ, ಮಷೀನು ತುಳಿಯುತ್ತಲೇ ಇದ್ದಳು. ಅವಳ ಬೆನ್ನಿಗೇ ಕೇಳಿದೆ:

“ಅವ್ವಾ, ಆವತ್ತು ಆ ಉಡಿ ನಿನಗ ಬೇಕಾಗಿತ್ತೇನು?”