ಅಮ್ಮ ಕುಂಕುಮವಿಟ್ಟ ಸಿಡಿಲಿನ ಡಬ್ಬಿ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗ ನಿಂತರೆ ಮಾತ್ರ ಮನುಷ್ಯರ ಮಾತು ಕೇಳಿಸುತ್ತಿತ್ತು. ನಡುಮನೆಯಲ್ಲೇ ಎರಡು ಪವರ್‌ಲೂಮ್‌ಗಳು, ಬೆಳಗಿನಿಂದ ಒಂದೇ ಸಮ ಲಟಪಟ. ಮಧ್ಯಾಹ್ನ ಅಪ್ಪ ಊಟಕ್ಕೆಂದು ನಿಲ್ಲಿಸಿದಾಗ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ರೇಡಿಯೋ ಹಾಕುತ್ತಿದ್ದಳು. ಅದು ಅವಳ ತವರಿನಿಂದ ಬಂದದ್ದು. ಅರವತ್ತರ ದಶಕದ ಕೊನೆಯ ಆ ದಿನಗಳಲ್ಲಿ ಅವಳಿಗೇ ಅಂತ ಇದ್ದ ಹೊತ್ತು ಅದೊಂದೇ.

ಮಾಳಿಗೆಯ ಮೇಲಿನ ಏರಿಯಲ್ ತಂತಿ ಒಳಗೆ ಬರುವಲ್ಲಿ, ಹೊರಗೋಡೆಗೆ ಅರೆಸ್ಟರ್ ಎಂಬ ಪುಟ್ಟ ಪಿಂಗಾಣಿ ಡಬ್ಬಿ ಹಾಕಿಸಿದ್ದೆವು. ಸಿಡಿಲಿನ ಕರೆಂಟನ್ನು ರೇಡಿಯೋಗೆ ಬಿಡದೆ ನೆಲಕ್ಕೆ ಕಳಿಸುವುದು ಅದರ ಕೆಲಸ. ಆದರೂ ಗುಡುಗಿದರೆ ತಂತಿ ಕಿತ್ತಿಡಿ ಎಂದು ಅಂಗಡಿಯವನು ಹೇಳಿದ್ದ.

ಒಂದು ಬೇಸಿಗೆ ಹಿತ್ತಿಲ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ತಂತಿ ಕೀಳಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಮರ ಸುಟ್ಟುಹೋಯಿತು, ರೇಡಿಯೋ ಮಾತ್ರ ಮರುದಿನವೂ ಹಾಡಿತು. ಅಮ್ಮನ ಕಣ್ಣು ತುಂಬಿ ಬಂತು. ಆಯುಧಪೂಜೆಗೆ ಮಗ್ಗಕ್ಕೂ ಲಾಳಿಗೂ ಕುಂಕುಮ ಇಡುವ ಮನೆ ನಮ್ಮದು. ಅವಳು ಡಬ್ಬಿಗೂ ಇಟ್ಟಳು. ಆಮೇಲೆ ದಿನಾ ಹೊಸಿಲು ತೊಳೆದ ಮೇಲೆ ಅದಕ್ಕೂ ಒಂದು ಬೊಟ್ಟು. ಅಪ್ಪನ ಧೈರ್ಯವಂತೂ ನೆತ್ತಿಗೇರಿತು.

"ಅದೈತಲ್ಲ ಕಣೇ, ಏನೂ ಆಗಲ್ಲ ಬಿಡು" ಎನ್ನುತ್ತಾ, ಎಷ್ಟು ಗುಡುಗಿದರೂ ತಂತಿ ಕೀಳಲು ಮಗ್ಗ ಬಿಟ್ಟು ಕದಲುತ್ತಿರಲಿಲ್ಲ.

ಮುಂದಿನ ವರ್ಷದ ಮೊದಲ ಮಳೆಯ ಸಿಡಿಲಿಗೆ ರೇಡಿಯೋದೊಳಗೆ ಚಟಾರ್ ಎಂದಿತು. ಸುಟ್ಟ ವಾಸನೆ ಬಂತು. ಎಷ್ಟು ತಿರುವಿದರೂ ಉಸಿರಿಲ್ಲ. ಅಮ್ಮ ಅದರ ಮುಂದೆಯೇ ಕುಸಿದು ಕೂತಳು.

"ದಿನಾ ಕುಂಕುಮ ಇಡಿಸ್ಕೊಂಡು ಎಂಥಾ ಮೋಸ ಮಾಡ್ತಲ್ಲೇ ಇದು!" ಎಂದು ಅಪ್ಪ ರೇಗಿ, ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗಿನ ತಗಡು ಕರಗಿ ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ, ಮರಿಗಳು ತೂತು ಕೊರೆದು ಹಾರಿಹೋಗಿ, ಗೂಡೂ ಒಣಗಿತ್ತು. ಅದು ಸುಟ್ಟದ್ದು ಈ ಮಳೆಗಲ್ಲ.

"ಹೋದ್ ವರ್ಷನೇ ಹೋಗ್ಬಿಟ್ಟಿತ್ತಲ್ರೀ," ಎಂದಳು ಅಮ್ಮ. "ನಮ್ ರೇಡಿಯೋ ಉಳ್ಸಿ, ಅದು ಸತ್ತೋಯ್ತು. ನಾನು ಹೆಣಕ್ಕೆ ಬೊಟ್ಟಿಡ್ತಾ ಇದ್ನಲ್ರೀ. ಒಂದ್ ಸಲನಾದ್ರೂ ಬಿಚ್ ನೋಡಿದ್ವಾ?"

ಅಪ್ಪ ಒಣಗಿದ ಗೂಡನ್ನು ಉಗುರಿನಿಂದ ಕೆರೆದು ಉದುರಿಸಿದ.

ರೇಡಿಯೋ ಬೆಂಗಳೂರಿಗೆ ಹೋಗಿ ರಿಪೇರಿಯಾಗಿ ಬಂತು, ದನಿ ಕೊಂಚ ಗೊಗ್ಗರಾಗಿತ್ತು. ಗೋಡೆಗೆ ಹೊಸ ಡಬ್ಬಿಯೂ ಬಂತು. ಅದಕ್ಕೆ ಅಮ್ಮ ಕುಂಕುಮ ಇಡಲಿಲ್ಲ. ಮೋಡ ಕಟ್ಟಿದರೆ ಸಾಕು, ಮಗ್ಗದ ಸದ್ದನ್ನೂ ಮೀರಿಸಿ ಅಡುಗೆಮನೆಯಿಂದ ಕೂಗುತ್ತಿದ್ದಳು: "ರೀ, ತಂತಿ ಕಿತ್ರಾ?" ಅಪ್ಪ ಮಗ್ಗ ನಿಲ್ಲಿಸಿ ಹೋಗಿ ಕೀಳುತ್ತಿದ್ದ.

ಈಗ ಅವರಿಬ್ಬರೂ ಇಲ್ಲ, ಏರಿಯಲ್ಲೂ ಇಲ್ಲ. ಮೊದಲ ಗುಡುಗು ಕೇಳಿದಾಗ ನಾನು ಟಿ.ವಿ.ಯ ಪ್ಲಗ್ ಕಿತ್ತು, ಯಾರೂ ಕೇಳದಿದ್ದರೂ ಅಡುಗೆಮನೆಯ ಕಡೆ ತಿರುಗಿ ಹೇಳುತ್ತೇನೆ: "ಕಿತ್ತೆ ಕಣಮ್ಮಾ."