ಸ್ಟಿಯರಿಂಗ್ ಬಿಟ್ಟು ಮುಗಿದ ಕೈ

ಪರೇಲಿನಲ್ಲಿ ನಮ್ಮ ಮನೆತನ ಮೂರು ತಲೆಮಾರಿನಿಂದ ಹೋಟೆಲ್ ನಡೆಸುತ್ತಿದೆ. ನಮ್ಮ ಊಟದ ಮೇಲಾಗಲಿ, ನಡತೆಯ ಮೇಲಾಗಲಿ, ಗಾಡಿ ಓಡಿಸುವ ರೀತಿಯ ಮೇಲಾಗಲಿ ಯಾರೂ ದೂರು ಹೇಳಿದ್ದಿಲ್ಲ. ಆದ್ದರಿಂದಲೇ ಕಳೆದ ಭಾನುವಾರದ ಸಂಗತಿಯನ್ನು ನಾನು ಬರೆಯಬೇಕಾಗಿದೆ.

ಅಣ್ಣನ ಮಗ ಸುಜಿತ್ ತನ್ನ ಹೊಸ ಕಾರಿನಲ್ಲಿ ನನ್ನನ್ನು ಮುಲುಂಡಿನ ಅವರ ಮನೆಗೆ ಊಟಕ್ಕೆ ಕರೆದೊಯ್ಯುತ್ತಿದ್ದ. ಹೈವೇ ಸೇರಿದ ಮೇಲೆ ಒಂದು ಬಟನ್ ಒತ್ತಿದ.

“ಟೆನ್ಶನ್ ಬೇಡ ಅತ್ತೆ, ಇನ್ನು ಗಾಡಿಯೇ ಲೇನ್ ಹಿಡಿದು ಹೋಗ್ತದೆ.”

“ಹೋಗಲಿ. ನೀನು ಸ್ಟಿಯರಿಂಗ್ ಹಿಡಿದಿರು,” ಎಂದೆ.

ವಿಕ್ರೋಳಿಯ ಹತ್ತಿರ ಗುಡಿಯೊಂದರ ಶಿಖರ ಕಂಡಿತು. ಅವನು ಎರಡೂ ಕೈ ಬಿಟ್ಟು, ಕಣ್ಣು ಮುಚ್ಚಿ ನಮಸ್ಕರಿಸಿದ. ಅಲ್ಲಿ ರಸ್ತೆಗೆ ಹೊಸ ಡಾಂಬರು ಹಾಕಿದ್ದರು. ಲೇನಿನ ಬಿಳಿ ಗೆರೆ ಇನ್ನೂ ಎಳೆದಿರಲಿಲ್ಲ. ಗೆರೆ ಕಾಣದ ಗಾಡಿ ಮೆಲ್ಲಗೆ ಪಕ್ಕದ ಟ್ಯಾಂಕರಿನ ಕಡೆಗೆ ವಾಲಿತು. ಅದರ ಚಕ್ರ ನನ್ನ ಕಿಟಕಿಯ ತುಂಬ ತಿರುಗುತ್ತಿತ್ತು.

“ಸುಜಿತ್, ಕೈ” ಎಂದಷ್ಟೇ ನನ್ನ ಬಾಯಿಂದ ಬಂತು. ಅವನು ಕಣ್ಣು ತೆರೆದು ಸ್ಟಿಯರಿಂಗ್ ಎಳೆದ. ಮುಲುಂಡ್ ಬರುವವರೆಗೂ ನಾನು ಬಾಗಿಲಿನ ಹಿಡಿ ಬಿಡಲಿಲ್ಲ.

ಊಟಕ್ಕೆ ಕೂತಾಗ ಅವನು ಎಲ್ಲರೆದುರು ಹೇಳಿದ: “ಅತ್ತೆ ಕಾನ್ವೆಂಟಿನವರಲ್ವಾ, ದೇವರಿಗೆ ಕೈಮುಗಿಯಲಿಕ್ಕೂ ಬಿಡಲಿಲ್ಲ.” ಎಲ್ಲರೂ ನಕ್ಕರು, ಅತ್ತಿಗೆಯೂ.

ಕಾನ್ವೆಂಟಿನಲ್ಲೂ ಪ್ರಾರ್ಥನೆಗೆ ಕಣ್ಣು ಮುಚ್ಚಿಸುತ್ತಿದ್ದರು. ಆದರೆ ನಾವು ಕೂತ ಬೆಂಚು ಹೈವೇಯಲ್ಲಿ ಓಡುತ್ತಿರಲಿಲ್ಲ. ಕೈಮುಗಿಯುವುದಿದ್ದರೆ ಗಾಡಿ ನಿಲ್ಲಿಸಿ ಮುಗಿಯಲಿ. ಅದಕ್ಕೂ ಮೊದಲು, ನಕ್ಕ ಅದೇ ಮಂದಿಯ ಎದುರು, ಸುಜಿತ್ ನನ್ನ ಕ್ಷಮೆ ಕೇಳಬೇಕು.