ಮಾವನ ಅರ್ಜಿಯಲ್ಲಿ ನಾನು ಬರೆದ ಕ್ರಿಯಾವಿಶೇಷಣ

ದೇವದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ ಕ್ರಿಯಾವಿಶೇಷಣದ ಪಾಠ ಬಂದಾಗ ಒಂದು ಪದವನ್ನು ಬೋರ್ಡಿನ ಮೇಲೆ ಬರೆಯಲು ನನಗೆ ಕೈ ಏಳುವುದಿಲ್ಲ. ಬಾಯಲ್ಲೇ ಹೇಳಿ ಮುಂದೆ ಹೋಗುತ್ತೇನೆ. ಅದಕ್ಕೆ ಕಾರಣ ನನ್ನ ಸೋದರಮಾವ.

ಮಾವ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ನನ್ನನ್ನೂ ನಮ್ಮೂರು ಕುರ್ಡಿಯಿಂದ ತನ್ನ ಮನೆಗೆ ಕರೆತಂದವನು ಅವನೇ. ನನ್ನನ್ನು ರಾಯಚೂರಿನ ಕಾಲೇಜಿಗೆ ಹಾಕಿದವನೂ ಅವನೇ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಗಿರಣಿಯಲ್ಲಿ ಪೇರಿಸಿಟ್ಟಿದ್ದ ಭತ್ತದ ಚೀಲಗಳು ಜಾರಿ ಅವನ ಬೆನ್ನ ಮೇಲೆ ಬಿದ್ದವು. ಮೂರು ತಿಂಗಳು ಮಲಗಿ ಎದ್ದ. ಇನ್ನು ಭಾರ ಹೊರಬಾರದೆಂದು ಡಾಕ್ಟರು ಹೇಳಿದ್ದರು. ಗೇಟು ಕಾಯುವ ಕೆಲಸವನ್ನಾದರೂ ಕೊಡಿ ಎಂದು ಮಾವ ಗಿರಣಿಯ ಮ್ಯಾನೇಜರನ ಹತ್ತಿರ ಹೋದ. ಈಗೆಲ್ಲ ಹೈದರಾಬಾದಿನಲ್ಲಿರುವ ಸಣ್ಣ ಸಾವಕಾರರೇ ನೋಡಿಕೊಳ್ಳುತ್ತಾರೆ, ಅವರಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲಿ ಅರ್ಜಿ ಬರೆಸಿಕೊಂಡು ಬಾ ಎಂದು ಮ್ಯಾನೇಜರ್ ಹೇಳಿ ಕಳಿಸಿದ.

ಮಾವ ಖುಷಿಯಿಂದಲೇ ಮನೆಗೆ ಬಂದ. ಇಂಗ್ಲಿಷ್ ಬಲ್ಲವಳು ಮನೆಯಲ್ಲೇ ಇದ್ದಳಲ್ಲ.

ಕನ್ನಡ ಶಾಲೆಯಿಂದ ಹೋದ ನಾನು ಆ ವರ್ಷವಷ್ಟೇ ಕ್ರಿಯಾವಿಶೇಷಣಗಳನ್ನು ಕಲಿತಿದ್ದೆ. ಗುಣವಾಚಕದ ಕೊನೆಗೆ ‘ಲಿ’ ಹಚ್ಚಿದರೆ ಕೆಲಸ ಹೇಗೆ ನಡೆಯಿತೆಂದು ಹೇಳುವ ಪದ ಸಿದ್ಧವಾಗುತ್ತದೆ ಎಂಬುದು ನೋಟ್ಸಿನಲ್ಲಿದ್ದ ನಿಯಮ. ನನಗೆ ಆ ‘ಲಿ’ ನಮ್ಮ ಕಡೆಯ ‘ರೀ’ ಇದ್ದ ಹಾಗೆ ಕಾಣುತ್ತಿತ್ತು, ಹಚ್ಚಿದಷ್ಟೂ ಮರ್ಯಾದೆ ಹೆಚ್ಚು. ಅರ್ಜಿಯ ತುಂಬ ‘ಸಿನ್ಸಿಯರ್‌ಲಿ’, ‘ಆನೆಸ್ಟ್‌ಲಿ’ ಎಂದು ತುಂಬಿದೆ. ಇಪ್ಪತ್ತೆರಡು ವರ್ಷ ಕಷ್ಟಪಟ್ಟು ದುಡಿದಿದ್ದೇನೆ ಎನ್ನಲು, ‘ಹಾರ್ಡ್’ಗೂ ಬಾಲ ಹಚ್ಚಿ ‘ಹಾರ್ಡ್‌ಲಿ’ ದುಡಿದಿದ್ದೇನೆ ಎಂದು ಬರೆದೆ. ಓದಿ ಹೇಳಿದಾಗ ಮಾವ ಒಂದಕ್ಷರ ತಿಳಿಯದಿದ್ದರೂ ತಲೆದೂಗುತ್ತ ಕೇಳಿದ. ಕೆಳಗೆ ಹೆಬ್ಬೆಟ್ಟು ಒತ್ತಿದ.

ಹತ್ತು ದಿನದ ಮೇಲೆ ಮಾವನನ್ನು ಗಿರಣಿಗೆ ಕರೆಸಿದರು. ಸಂಜೆ ಅವನು ಅದೇ ಕಾಗದ ಹಿಡಿದು ಬಂದ. ಕೆಲಸ ಇಲ್ಲವಂತೆ ಎಂದ. ಮ್ಯಾನೇಜರ್ ಅರ್ಜಿಯನ್ನು ಎಲ್ಲರೆದುರು ಓದಿದನಂತೆ, ಆಫೀಸಿನಲ್ಲಿದ್ದವರೆಲ್ಲ ನಕ್ಕರಂತೆ.

“ಯಾಕ ನಕ್ರೋ ಗೊತ್ತಾಗಲಿಲ್ಲ ಯವ್ವಾ. ಅವ್ರು ನಗಾಕತ್ತಿದ್ರು, ನಾನೂ ನಕ್ಕೆ.”

ಕಾಗದ ಬಿಡಿಸಿ ನೋಡಿದೆ. ‘ಹಾರ್ಡ್‌ಲಿ’ಯ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ಪಕ್ಕದಲ್ಲಿ ಒಂದೇ ಸಾಲಿತ್ತು: ದುಡಿದೇ ಇಲ್ಲವೆಂದು ಇವನೇ ಒಪ್ಪಿಕೊಂಡಿದ್ದಾನೆ. ಟ್ರಂಕಿನಿಂದ ಡಿಕ್ಷನರಿ ತೆಗೆದೆ. ‘ಹಾರ್ಡ್‌ಲಿ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಕಷ್ಟಪಟ್ಟು ಎನ್ನುವುದಕ್ಕೆ ‘ಹಾರ್ಡ್’ ಒಂದೇ ಸಾಕಿತ್ತು. ಅತ್ತೆ ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ.

ಅರ್ಜಿ ಸರಿಯಿದ್ದರೂ ಅವರು ಕೆಲಸ ಕೊಡುತ್ತಿದ್ದರೋ ಇಲ್ಲವೋ. ಹೀಗೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬೇಡವೆನ್ನಲು ಅವರಿಗೊಂದು ನೆಪ ಬರೆದುಕೊಟ್ಟವಳು ನಾನು. ಮಾವ ಬೆನ್ನಿಗೆ ಬಟ್ಟೆ ಬಿಗಿದುಕೊಂಡು ಬೇರೆ ಕಡೆ ಚೀಲ ಹೊರಲು ಹೋದ. ಒಂದೂವರೆ ವರ್ಷ ಹೊತ್ತ. ಆಮೇಲೆ ಕಾಲು ಎಳೆಯತೊಡಗಿತು. ನಂತರ ಹಾಸಿಗೆಯಿಂದ ಏಳಲಿಲ್ಲ.

ನನಗೆ ನೌಕರಿಯಾಗಿ ದೇವದುರ್ಗದ ಗೂಗಲ್ ಎಂಬ ಊರಿನ ಕಡೆಯ ಶಾಲೆಗೆ ಹೋಗುವ ಹಿಂದಿನ ದಿನ, ಅತ್ತೆ ನೀರಿಗೆ ಹೋಗಿದ್ದಾಗ ಅವನ ಪಕ್ಕ ಕೂತು ಎಲ್ಲ ಹೇಳಿದೆ. ಮಾವ ಜಂತಿ ನೋಡುತ್ತಿದ್ದ.

“ಹಂಗಾದ್ರ ಅವ್ರು ನಕ್ಕಿದ್ದು ಇದಕ್ಕ?” ಎಂದು ಕೇಳಿದ.

ಹೌದೆಂದೆ.

“ಸರಿ ಮಾತು ಯಾವ್ದು ಮತ್ತ?”

“ಹಾರ್ಡ್, ಮಾವ. ಬರೇ ಹಾರ್ಡ್.”

ಅವನು ಆ ಪದವನ್ನು ಎರಡು ಸಲ ನಿಧಾನವಾಗಿ ಅಂದು ನೋಡಿದ. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ನಿಮ್ಮತ್ತಿ ಮುಂದ ಹೇಳಬ್ಯಾಡ,” ಎಂದು ಗೋಡೆಯ ಕಡೆ ಹೊರಳಲು ನೋಡಿದ. ಆಗಲಿಲ್ಲ. ನಾನೇ ಹೊರಳಿಸಿದೆ. ಬೆನ್ನಿನ ಹುಣ್ಣಿಗೆ ಹಚ್ಚಿದ್ದ ಬಟ್ಟೆ ಒದ್ದೆಯಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಅವನು ತೀರಿಕೊಂಡ. ಅವ್ವನ ಹಾಗೆ ನೀನೂ ನನ್ನ ಜೊತೆ ಬಂದಿರು ಎಂದು ಅತ್ತೆಯನ್ನು ಎಷ್ಟು ಕರೆದರೂ ಬರಲಿಲ್ಲ. ಈಗ ಅವಳು ಅದೇ ಗಿರಣಿಯ ಅಂಗಳದಲ್ಲಿ ಭತ್ತ ಹರವಿ ಒಣಗಿಸುವ ಕೆಲಸಕ್ಕೆ ಹೋಗುತ್ತಾಳೆ. ಮಾನ್ವಿಗೆ ಹೋದಾಗಲೆಲ್ಲ ಅವಳ ಹಿಮ್ಮಡಿಯ ಬಿರುಕಿಗೆ ಎಣ್ಣೆ ಹಚ್ಚಿ ತಿಕ್ಕುತ್ತೇನೆ. ಸಾಲಿ ಹೆಂಗ ನಡದದ ಎಂದು ಕೇಳುತ್ತಾಳೆ. ಚಲೋ ನಡದದ ಎನ್ನುತ್ತೇನೆ. ಬೇರೇನನ್ನೂ ಹೇಳಿಲ್ಲ.